ಸಮಿತಿ ಬಂದ ದಿನ ಖಾಲಿಯಿದ್ದ ಕುರ್ಚಿಗಳು

ತೆರಿಗೆ ಇಲಾಖೆಯ ಸಹಾಯ ಕೇಂದ್ರದ ನೌಕರರು ತಮ್ಮ ಮೇಲ್ವಿಚಾರಕಿಯನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಖಾರಮ್ಮ ಎನ್ನುತ್ತಿದ್ದರು. ಅವಳಿಗೆ ಎರಡೂ ಗೊತ್ತಿತ್ತು, ಎರಡನೆಯದೇ ಹೆಚ್ಚು ಇಷ್ಟವಾಗಿತ್ತು. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು ನಿಜ. ಆದರೆ ಆ ಕೋಪ ಇಲ್ಲದಿದ್ದರೆ ಕೆಳಗಿನ ಹಾಲ್ ಎಂದೋ ಸಂತೆಯಾಗಿ ಹೋಗುತ್ತಿತ್ತು ಎಂದು ಅವಳ ಕೈಲಿ ಬೈಸಿಕೊಂಡವರೂ ಒಪ್ಪುತ್ತಿದ್ದರು.

ಹಾಲ್ ಎಂದರೆ ಎಂಥ ಹಾಲ್. ಒಂಬತ್ತು ಕಿಟಕಿ, ಸಾಲು ಸಾಲು ಕಬ್ಬಿಣದ ಕುರ್ಚಿ, ಗೋಡೆಯ ಮೇಲೆ ಟೋಕನ್ ನಂಬರಿನ ಕೆಂಪು ದೀಪ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಯಾರದೋ ತೆರಿಗೆ ಇನ್ಯಾರದೋ ತಲೆಗೆ ಬಂದಿರುತ್ತಿತ್ತು, ಕಟ್ಟಿದ್ದು ಕಟ್ಟಿಲ್ಲ ಎಂದಿರುತ್ತಿತ್ತು, ಸತ್ತ ಗಂಡನ ಹೆಸರಿಗೆ ನೋಟಿಸ್ ಮೇಲೆ ನೋಟಿಸ್ ಹೋಗಿರುತ್ತಿತ್ತು. ಫೋನ್ ಮಾಡಿದರೆ ಯಂತ್ರ ಎತ್ತಿಕೊಂಡು ಹಾಡು ಕೇಳಿಸುತ್ತಿತ್ತು. ಹಾಡು ಕೇಳಿ ಕೇಳಿ ತಲೆಕೆಟ್ಟವರೆಲ್ಲ ಈ ಹಾಲ್‌ಗೆ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ತುಂಬಿ, ಗೋಡೆಗುಂಟ ನೆಲದ ಮೇಲೂ ಜನ ಕೂತು, ಕಾಲಿಡಲು ಜಾಗವಿರುತ್ತಿರಲಿಲ್ಲ.

ಒಂಬತ್ತು ಕಿಟಕಿಗಳಲ್ಲಿ ನಾಲ್ಕು ಮಾತ್ರ ಕಾಯಂ. ಉಳಿದ ಐದರಲ್ಲಿ ಕೂರುವವರು ಹಂಗಾಮಿ ನೌಕರರು. ವರ್ಷ ವರ್ಷವೂ ಸಂಸತ್ತಿನ ಹಣಕಾಸು ಸಮಿತಿ ಇಲಾಖೆಯನ್ನು ಕರೆಸಿ, ಏನು ಮಾಡಿದಿರಿ, ಎಷ್ಟು ಬೇಕು ಎಂದು ಕೇಳಿ, ಅನುದಾನ ಕೊಟ್ಟರೆ ಅವರ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಲ ಇಲಾಖೆ ಆ ಐದು ಕಿಟಕಿಗಳನ್ನೂ ಕಾಯಂ ಮಾಡಿ ಎಂದು ಕೇಳಿತ್ತು. ಏಳನೇ ಕಿಟಕಿಯಲ್ಲಿ ಕೂರುತ್ತಿದ್ದವಳು ಖಾರಮ್ಮನ ಓರಗಿತ್ತಿ.

ಮೈದುನ ತೀರಿಕೊಂಡಾಗಿನಿಂದ ಓರಗಿತ್ತಿ ಇವರ ಮನೆಯಲ್ಲೇ ಇದ್ದಳು. ಯಾರೂ ಅವಳಿಗೆ ಕಡಿಮೆ ಮಾಡಿರಲಿಲ್ಲ, ಯಾರೂ ಒಂದು ಮಾತು ಆಡಿರಲಿಲ್ಲ. ಆದರೂ ಇನ್ನೊಬ್ಬರ ಮನೆಯ ಅಡುಗೆಮನೆಯಲ್ಲಿ ಡಬ್ಬ ತೆಗೆಯುವಾಗ ಕೈ ಒಂದು ಗಳಿಗೆ ಹಿಂದುಮುಂದು ನೋಡುತ್ತದಲ್ಲ, ಅದು ಅನುಭವಿಸಿದವರಿಗೇ ಗೊತ್ತು. ಹತ್ತಿರದ ಓಣಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಮನೆಯೊಂದನ್ನು ಅವಳು ನೋಡಿಟ್ಟಿದ್ದಳು. ಮನೆಯ ಯಜಮಾನ, ಕೆಲಸ ಕಾಯಂ ಆದ ಕಾಗದ ತೋರಿಸಿ, ಬೀಗದ ಕೈ ತಗೊಳ್ಳಿ ಎಂದಿದ್ದ. ನಾಲ್ಕು ವರ್ಷದ ಮೇಲೆ ಸ್ವಂತ ಬಾಗಿಲು, ಸ್ವಂತ ಬೀಗ. ಖಾರಮ್ಮ ಅವಳ ತಲೆ ಮುಟ್ಟಿ, ಈ ಸಲ ಆಗುತ್ತೆ ಕಣೇ, ನನ್ನ ಮೇಲೆ ಬಿಡು ಎಂದು ಮಾತು ಕೊಟ್ಟಿದ್ದಳು.

ಸಮಿತಿಯವರು ವಿಚಾರಣೆಗೆ ಮೊದಲು ಕೇಂದ್ರವನ್ನು ಕಣ್ಣಾರೆ ನೋಡಲು ಬರುತ್ತಾರೆ ಎಂಬ ಸುದ್ದಿ ತಂದವನು ಉಪ ಆಯುಕ್ತ. ಅವನಿಗೆ ಕಚೇರಿಯಲ್ಲಿ ನಗುಮುಖ ಎಂದು ಹೆಸರು. ಯಾರ ಮನೆ ಮುಳುಗಿದರೂ ಆ ನಗು ಮಾಸುತ್ತಿರಲಿಲ್ಲ.

"ಮೇಡಂ, ಮಂಗಳವಾರ ಬರ್ತಾರೆ," ಎಂದ. "ನಾನು ನಿಮಗೆ ಹೇಳಬೇಕಾಗಿಲ್ಲ. ಹಾಲ್ ನೋಡೋ ಹಾಗಿರಲಿ."

"ತೊಳೀಬೇಕಾ?"

"ತೊಳೀರಿ."

ತೊಳೆಯುವುದು ಎಂದರೆ ನೀರು ಹಾಕಿ ತೊಳೆಯುವುದಲ್ಲ. ಅದು ಆ ಕಚೇರಿಯ ಹಳೆಯ ವಿದ್ಯೆ. ಮೇಲಿನವರು ಯಾರಾದರೂ ಬರುವ ದಿನ ಯಾರಿಗೂ ಟೋಕನ್ ಕೊಡಕೂಡದು, ಬರಬೇಕಾದವರಿಗೆಲ್ಲ ಫೋನ್ ಮಾಡಿ ಮರುದಿನ ಬನ್ನಿ ಎನ್ನಬೇಕು, ಆದರೂ ಬಂದವರನ್ನು ಹಿಂದಿನ ಉಗ್ರಾಣದ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಬೇಕು. ಹಾಲ್‌ನಲ್ಲಿ ನೋಡಲು ಲಕ್ಷಣವಾಗಿರುವ ನಾಲ್ಕೈದು ಜನ ಇದ್ದರೆ ಸಾಕು. ಈ ವಿದ್ಯೆಯಲ್ಲಿ ಖಾರಮ್ಮನನ್ನು ಮೀರಿಸಿದವರಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾಹೇಬರು ಬಂದು, ಭೇಷ್ ಎಂದು, ಟೀ ಕುಡಿದು ಹೋಗಿರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಓರಗಿತ್ತಿ ಕೇಳಿದಳು. "ಅಕ್ಕ, ತೊಳಿಯೋದು ಯಾಕೆ? ಹೇಗಿದೆಯೋ ಹಾಗೇ ನೋಡ್ಲಿ ಬಿಡಿ. ಜನ ಇದ್ರೆ ತಾನೇ ಜನ ಬೇಕು ಅನ್ನೋದು?"

"ಮನೆಗೆ ನೆಂಟರು ಬಂದ್ರೆ ಮುಸುರೆ ಪಾತ್ರೆ ತಂದು ನಡುಮನೇಲಿ ಇಡ್ತೀಯೇನೇ?"

"ಇವರು ನೆಂಟರಾ ಅಕ್ಕ?"

"ಬಾಯಿ ಮುಚ್ಕೊಂಡು ಕೂತ್ಕೊ. ನಿನಗಿಂತ ಜಾಸ್ತಿ ಸಾಹೇಬರನ್ನ ನೋಡಿದೀನಿ ನಾನು."

ಓರಗಿತ್ತಿ ಬಾಯಿ ಮುಚ್ಚಿಕೊಂಡು ಕೂತಳು. ಆಶ್ರಯದಲ್ಲಿರುವವಳಿಗೆ ಅದೊಂದು ಚೆನ್ನಾಗಿ ಅಭ್ಯಾಸವಾಗಿರುತ್ತದೆ.

ಮಂಗಳವಾರ ಬೆಳಿಗ್ಗೆ ಹಾಲ್ ಮದುವಣಗಿತ್ತಿಯ ಹಾಗಿತ್ತು. ಕುರ್ಚಿಗಳು ದಾರ ಹಿಡಿದಂತೆ ಸಾಲಾಗಿ ನಿಂತಿದ್ದವು, ನೆಲ ಹೊಳೆಯುತ್ತಿತ್ತು. ಒಂದು ಕುರ್ಚಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಪತ್ರಿಕೆ ಓದುತ್ತಿದ್ದರು, ಇನ್ನೊಂದರಲ್ಲಿ ಗಂಡ ಹೆಂಡತಿ ಪಿಸುಗುಟ್ಟುತ್ತಿದ್ದರು. ಉಗ್ರಾಣದ ಕೋಣೆಯಲ್ಲಿ ಹನ್ನೆರಡು ಮಂದಿ ಹಳೆಯ ಫೈಲುಗಳ ನಡುವೆ ಉಸಿರು ಹಿಡಿದು ಕೂತಿದ್ದರು. ಬಾಗಿಲಲ್ಲಿ ಒಬ್ಬ ಹೊಲಿಗೆಯವಳು ಮಾತ್ರ ಜಗಳಕ್ಕೆ ನಿಂತಿದ್ದಳು. ಬೇರೆ ಯಾರದೋ ಬಾಕಿ ಇವಳ ಹೆಸರಿಗೆ ಬಂದು, ಇಲಾಖೆಯವರು ಇವಳ ಅಂಗಡಿಗೆ ಬೀಗ ಹಾಕಿ ವಾರವಾಗಿತ್ತು. ಹೊಲಿಗೆಯಂತ್ರ ಒಳಗೆ, ಗಿರಾಕಿಗಳ ಬಟ್ಟೆಯೂ ಒಳಗೆ.

"ನಾಳೆ ಬಾಮ್ಮ, ಮೊದಲನೇ ಟೋಕನ್ ನಿಂದೇ," ಎಂದು ಖಾರಮ್ಮ ಅವಳ ಭುಜ ಹಿಡಿದು ಮೆಟ್ಟಿಲಿಳಿಸಿದಳು.

ಸಮಿತಿ ಬಂತು. ಮುಂದೆ ಅಧ್ಯಕ್ಷ, ಹಳೆಯ ವಕೀಲ, ಕೈ ಹಿಂದೆ ಕಟ್ಟಿಕೊಂಡು ನಡೆಯುವ ಮನುಷ್ಯ. ಹಿಂದೆ ಹತ್ತು ಸದಸ್ಯರು. ಅವರ ಹಿಂದೆ ಇಲಾಖೆಯ ಆಯುಕ್ತರು, ಅವರ ಪಕ್ಕ ನಗುಮುಖ. ಅಧ್ಯಕ್ಷ ಹಾಲ್‌ನ ನಡುವೆ ನಿಂತು ಒಂಬತ್ತು ಕಿಟಕಿಗಳನ್ನೂ ನೋಡಿದ, ಖಾಲಿ ಕುರ್ಚಿಗಳನ್ನೂ ನೋಡಿದ. ಏಳನೇ ಕಿಟಕಿಯ ಮುಂದೆ ಯಾರೂ ಇರಲಿಲ್ಲ. ಓರಗಿತ್ತಿ ಸುಮ್ಮನೆ ಕೂರುವುದು ಹೇಗೆಂದು ತಿಳಿಯದೆ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದಳು.

"ದಿನಾ ಹೀಗೇ ಇರುತ್ತಾ?" ಎಂದು ಅಧ್ಯಕ್ಷ ಖಾರಮ್ಮನನ್ನು ಕೇಳಿದ.

ನಗುಮುಖ ಅವಳ ಕಡೆ ನೋಡಿದ. ಆಯುಕ್ತರೂ ನೋಡಿದರು. ಇಪ್ಪತ್ತಾರು ವರ್ಷದ ಅಭ್ಯಾಸ ಅವಳಿಗಿಂತ ಮೊದಲು ಬಾಯಿ ತೆರೆಯಿತು.

"ಹೌದು ಸಾರ್. ದಿನಾ ಹೀಗೇ."

"ಬಹಳ ಸಂತೋಷ," ಎಂದು ಅಧ್ಯಕ್ಷ ಟೀ ಕೂಡ ಕುಡಿಯದೆ ಹೊರಟ.

ಮಧ್ಯಾಹ್ನ ಸಂಸತ್ತಿನ ಕಟ್ಟಡದ ಎರಡನೇ ಮಹಡಿಯಲ್ಲಿ ವಿಚಾರಣೆ. ಕುದುರೆ ಲಾಳದಂಥ ಮೇಜಿನ ಸುತ್ತ ಸಮಿತಿ, ಎದುರಿಗೆ ಆಯುಕ್ತರು. ಯಾರಾದರೂ ವಿವರ ಕೇಳಿದರೆ ಪಿಸುಮಾತಿನಲ್ಲಿ ಹೇಳಿಕೊಡಲೆಂದು ನಗುಮುಖ ಖಾರಮ್ಮನನ್ನೂ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದ. ಕೇಳದೆ ಮಾತಾಡುವ ಹಕ್ಕು ಆ ಸಾಲಿಗಿರಲಿಲ್ಲ.

ಆಯುಕ್ತರು ಇಲಾಖೆಯ ಸಾಧನೆ ಓದಿದರು. ಫೋನ್ ಕರೆ ನೂರಕ್ಕೆ ತೊಂಬತ್ತು ಎತ್ತುತ್ತೇವೆ ಎಂದರು. ಎತ್ತುವುದು ಯಂತ್ರ ಎಂದು ಹೇಳಲಿಲ್ಲ. ಕಾಯುವ ಸಮಯ ಇಳಿದಿದೆ, ದೂರು ಇಳಿದಿದೆ ಎಂದರು. ಖಾರಮ್ಮನಿಗೂ ಕೇಳುತ್ತ ಕೇಳುತ್ತ ಎದೆಯುಬ್ಬಿತು, ಸುಳ್ಳು ಹೇಳುವುದೇಕೆ. ಓದಿ ಮುಗಿದ ಮೇಲೆ ಅಧ್ಯಕ್ಷ ಕನ್ನಡಕ ತೆಗೆದಿಟ್ಟ.

"ಇಷ್ಟು ಚೆನ್ನಾಗಿ ನಡೀತಿದೆ ಅಂತೀರಿ. ಬೆಳಿಗ್ಗೆ ನಾವೂ ನೋಡಿದೆವು. ಒಂಬತ್ತು ಕಿಟಕಿ, ಹಾಲ್‌ನಲ್ಲಿ ಮೂರು ಜನ. ಹಾಗಿದ್ದ ಮೇಲೆ ಐದು ಕಿಟಕಿ ಕಾಯಂ ಯಾಕೆ? ಅವು ಬೇಕಾದರೂ ಯಾಕೆ?"

ಆಯುಕ್ತರು ನೀರು ಕುಡಿದರು. ಖಾರಮ್ಮ ಅವರ ಬೆನ್ನನ್ನೇ ನೋಡುತ್ತ, ಹೇಳಿ ಮಹಾರಾಯರೇ, ಬಾಯಿ ಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಮಾನ್ಯ ಅಧ್ಯಕ್ಷರ ಮಾತಿನಲ್ಲಿ ಅರ್ಥವಿದೆ," ಎಂದರು ಆಯುಕ್ತರು. "ದಕ್ಷತೆ ಹೆಚ್ಚಿರೋದರಿಂದ ನಾಲ್ಕರಲ್ಲಿ ನಿಭಾಯಿಸಬಹುದು ಅಂತ ನಮಗೂ ಅನ್ನಿಸಿದೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅದು. ಖಾರಮ್ಮನ ಪಿತ್ತ ನೆತ್ತಿಗೇರಿತು. ಆ ಮನುಷ್ಯ ವರ್ಷಕ್ಕೊಮ್ಮೆಯೂ ಕೆಳಗಿನ ಹಾಲ್‌ಗೆ ಇಳಿದವನಲ್ಲ. ಜನರ ಬೈಗುಳ ತಿಂದವನಲ್ಲ, ಊಟದ ಡಬ್ಬಿ ತೆರೆದು ಮತ್ತೆ ಮುಚ್ಚಿದವನಲ್ಲ. ಐದು ಜನರ ಅನ್ನದ ತಟ್ಟೆಯನ್ನು ಒಂದು ಲೋಟ ನೀರು ಕುಡಿದು ಎತ್ತಿ ಕೊಟ್ಟುಬಿಟ್ಟ. ಅವಳಿಗೆ ತಾನು ಎದ್ದು ನಿಂತದ್ದು ಗೊತ್ತಾದದ್ದೇ ನಗುಮುಖ ಸೆರಗು ಹಿಡಿದೆಳೆದಾಗ.

"ಸಾರ್, ಆ ಹಾಲ್ ಖಾಲಿ ಇರಲಿಲ್ಲ. ನಾನು ಖಾಲಿ ಮಾಡಿಸಿದ್ದು."

ಮೇಜಿನ ಸುತ್ತ ಕೂತವರೆಲ್ಲ ಕತ್ತೆತ್ತಿದರು.

"ದಿನಾ ಮುನ್ನೂರು ಜನ ಬರ್ತಾರೆ. ನೀವು ಬರ್ತೀರಿ ಅಂತ ಅವರನ್ನೆಲ್ಲ ನಾಳೆ ಬನ್ನಿ ಅಂತ ಕಳಿಸಿದ್ದೀನಿ. ಹನ್ನೆರಡು ಜನಾನ ಹಿಂದಿನ ಕೋಣೇಲಿ ಕೂಡಿ ಹಾಕಿದ್ದೆ. ಮೇಲಿನವರು ಬಂದಾಗಲೆಲ್ಲ ನಾವು ಹೀಗೇ ಮಾಡೋದು."

ಅಧ್ಯಕ್ಷ ಕನ್ನಡಕ ಹಾಕಿಕೊಂಡು ಅವಳನ್ನು ನಿಧಾನವಾಗಿ ನೋಡಿದ. ಹಳೆಯ ವಕೀಲನಿಗೆ ಪಾಟೀಸವಾಲು ಕಲಿಸಿಕೊಡಬೇಕಾಗಿರಲಿಲ್ಲ.

"ಬೆಳಿಗ್ಗೆ ನಾನು ಕೇಳಿದಾಗ ದಿನಾ ಹೀಗೇ ಅಂದಿರಿ. ಈಗ ಇಲ್ಲ ಅಂತೀರಿ. ಯಾವುದು ಸುಳ್ಳು?"

"ಬೆಳಗಿಂದು ಸಾರ್."

"ಅಂದರೆ ಈ ಇಲಾಖೆ ಸಂಸತ್ತಿಗೇ ನಾಟಕ ತೋರಿಸುತ್ತೆ. ನಾಟಕ ಆಡೋರಿಗೆ ಜನರ ದುಡ್ಡು ಯಾಕೆ ಕೊಡಬೇಕು, ನೀವೇ ಹೇಳಿ."

ಇದೆಂಥ ನ್ಯಾಯ. ಕೆಲಸ ಚೆನ್ನಾಗಿದೆ ಎಂದರೆ ಇಷ್ಟು ಜನ ಯಾಕೆ, ಕೆಟ್ಟಿದೆ ಎಂದರೆ ಇಂಥವರಿಗೆ ದುಡ್ಡು ಯಾಕೆ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ದುಡ್ಡು ನನಗಲ್ಲ ಸಾರ್, ಆ ಜನರಿಗೆ. ನಾಳೆ ಹೇಳದೆ ಕೇಳದೆ ಬಂದುಬಿಡಿ. ಬಾಗಿಲಲ್ಲಿ ನಿಂತು ನೋಡಿ ಸಾಕು. ಆಮೇಲೆ ಏನು ಬೇಕಾದರೂ ಬರೀರಿ."

"ನಾಳೆ ಮಧ್ಯಾಹ್ನ ಮತಕ್ಕೆ ಹಾಕ್ತೀವಿ," ಎಂದ ಅಧ್ಯಕ್ಷ. "ಅಷ್ಟರೊಳಗೆ ಸಮಯ ಸಿಕ್ಕರೆ ನೋಡೋಣ."

ಹೊರಗೆ ಬಂದ ಮೇಲೆ ನಗುಮುಖ ಮೊದಲ ಸಲ ನಗದೆ ಮಾತಾಡಿದ. "ನಿಮ್ಮ ಪಿಂಚಣಿಗೆ ನೀವೇ ಕಲ್ಲು ಹಾಕ್ಕೊಂಡ್ರಿ ಮೇಡಂ." ಅವಳು, ನಿನ್ನ ಮುಖಕ್ಕಿಷ್ಟು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು.

ಮನೆಯಲ್ಲಿ ಓರಗಿತ್ತಿ ಬಟ್ಟೆ ಮಡಚುತ್ತಿದ್ದಳು. ಖಾರಮ್ಮ ಚಪ್ಪಲಿ ಬಿಡುತ್ತ ಬಿಡುತ್ತಲೇ ಎಲ್ಲವನ್ನೂ ಹೇಳಿದಳು, ಆಯುಕ್ತನ ಏಳು ತಲೆಮಾರನ್ನೂ ಬೈದಳು. ಓರಗಿತ್ತಿ ಕೇಳಿಸಿಕೊಂಡಳು. ಒಂದು ಲಂಗ, ಎರಡು ಟವೆಲು ಮಡಚಿದಳು.

"ಮನೆ ಯಜಮಾನಂಗೆ ಏನು ಹೇಳ್ಲಿ?" ಎಂದಳು.

"ಇನ್ನೂ ಏನೂ ಹೋಗಿಲ್ಲ. ನಾಳೆ ಆ ಅಧ್ಯಕ್ಷ ಬರ್ತಾನೆ. ಬಂದು ನೋಡಿದ್ರೆ ಅವನ ಬಾಯಿ ಕಟ್ಟುತ್ತೆ."

"ಬರ್ತೀನಿ ಅಂದ್ರಾ?"

"ನೋಡೋಣ ಅಂದ."

ಓರಗಿತ್ತಿ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅದು ಖಾರಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಹಾಲ್‌ನಲ್ಲಿ ನಡೆದದ್ದನ್ನು ಏನೆಂದು ಹೇಳುವುದು. ಆ ದಿನ ಬರಬೇಕಾದವರೂ ಬಂದರು, ಮಂಗಳವಾರದಿಂದ ಮುಂದೆ ಹೋದವರೂ ಬಂದರು. ಕುರ್ಚಿ ತುಂಬಿತು, ನೆಲ ತುಂಬಿತು, ಮೆಟ್ಟಿಲು ತುಂಬಿ ಸಾಲು ಬೀದಿಗಿಳಿದು, ಪಕ್ಕದ ಔಷಧದಂಗಡಿಯ ಮುಂದೆ ತಿರುಗಿ ನಿಂತಿತು. ಅಂಗಡಿಯವನು ಬಂದು ಕೂಗಾಡಿ ಹೋದ. ಬಿಸಿಲು ಆಗಲೇ ಸುಡುತ್ತಿತ್ತು.

ಖಾರಮ್ಮ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಜಂಗುಳಿ ಕಂಡು ಅವಳಿಗೆ ಸಂತೋಷವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಬರಲಿ, ಕಣ್ಣಲ್ಲಿ ನೋಡಲಿ ಎಂದುಕೊಂಡಳು. ಆದರೆ ಒಂಬತ್ತು ಕಿಟಕಿಯೂ ಹುರುಪಿನಿಂದ ಓಡಿದರೆ ಹನ್ನೊಂದು ಗಂಟೆಯೊಳಗೆ ಬೀದಿಯ ಸಾಲು ಕರಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅಧ್ಯಕ್ಷ ಹನ್ನೊಂದೂವರೆಗೆ ಬಂದರೆ? ಬೀದಿಯಲ್ಲಿ ಸಾಲಿಲ್ಲದ್ದು ಕಂಡು, ನಿಮ್ಮ ಮುನ್ನೂರು ಎಲ್ಲಿ ಎಂದರೆ?

ಅವಳು ಒಳಗೆ ಬಂದು ಮೆಲ್ಲಗೆ ಹೇಳಿದಳು. "ಎರಡು ಕಿಟಕಿ ಸಾಕು ಈಗ. ಉಳಿದವರು ಪರದೆ ಎಳೀರಿ. ಕಂಪ್ಯೂಟರ್ ನಿಂತಿದೆ ಅನ್ನಿ."

ನೌಕರರು ಮುಖ ಮುಖ ನೋಡಿಕೊಂಡರು. ಖಾರಮ್ಮನ ಮಾತಿಗೆ ಎದುರಾಡುವವರು ಅಲ್ಲಿರಲಿಲ್ಲ. ಏಳು ಕಿಟಕಿಗಳ ಪರದೆ ಇಳಿಯಿತು.

ಹತ್ತಾಯಿತು. ಹತ್ತೂವರೆಯಾಯಿತು. ಖಾರಮ್ಮನ ಕಣ್ಣು ಬೀದಿಯ ಮೇಲೆಯೇ ಇತ್ತು. ಕರೀ ಕಾರು ಬಂದರೆ ಎದೆ ಹಾರುತ್ತಿತ್ತು, ಹಾದುಹೋದರೆ ಹಲ್ಲು ಕಚ್ಚುತ್ತಿದ್ದಳು. ಒಳಗೆ ಒಂದು ಕೂಸು ಒಂದೇ ಸಮ ಅಳುತ್ತಿತ್ತು. ಒಬ್ಬ ಮುದುಕ ಗೋಡೆಗೊರಗಿ ಕುಸಿದ, ಯಾರೋ ನೀರು ಕೊಟ್ಟರು. ಕೆಂಪು ದೀಪದಲ್ಲಿ ನಂಬರು ಹದಿನೈದಕ್ಕೆ ಬಂದು ಅಂಟಿಕೊಂಡಿತ್ತು.

"ಅಕ್ಕ, ಇಲ್ಲಿ ಬನ್ನಿ."

ಓರಗಿತ್ತಿ ಅವಳ ಮೊಣಕೈ ಹಿಡಿದು ಎಳೆದುಕೊಂಡೇ ಹೋದಳು. ನಾಲ್ಕು ವರ್ಷದಲ್ಲಿ ಅವಳು ಯಾರ ಕೈಯನ್ನೂ ಹಾಗೆ ಹಿಡಿದವಳಲ್ಲ. ಏಳನೇ ಕಿಟಕಿಯ ಪರದೆಯ ಮುಂದೆ ಹೊಲಿಗೆಯವಳು ಟೋಕನ್ ಹಿಡಿದು ನಿಂತಿದ್ದಳು. ನಂಬರು ಒಂದು.

"ಇವರು ಬೆಳಿಗ್ಗೆ ಆರಕ್ಕೆ ಬಂದವರು," ಎಂದಳು ಓರಗಿತ್ತಿ. "ಇವರ ನಂಬರು ನನ್ನ ಕಿಟಕಿಗೆ ಬಂದಿದೆ. ಪರದೆ ಎಳೆಸಿದ್ದೀರಿ. ಇವರ ಕೆಲಸ ಹತ್ತು ನಿಮಿಷದ್ದು, ಅಂಗಡಿ ಬೀಗ ತೆಗೀರಿ ಅಂತ ಒಂದು ಸಂದೇಶ ಕಳಿಸೋದು."

"ಸ್ವಲ್ಪ ತಾಳು ಕಣೇ. ಅವನು ಬಂದುಬಿಡ್ಲಿ. ನಿನ್ನ ಸಲುವಾಗೇ ಮಾಡ್ತಿರೋದು ನಾನು."

"ನನ್ನ ಹೆಸರು ತೆಗೀಬೇಡಿ." ಓರಗಿತ್ತಿಯ ದನಿ ಏರಲಿಲ್ಲ. "ನಿನ್ನೆ ಖಾಲಿ ಇದೆ ಅಂತ ತೋರಿಸೋಕೆ ಇವರನ್ನ ಓಡಿಸಿದ್ರಿ. ಇವತ್ತು ತುಂಬಿದೆ ಅಂತ ತೋರಿಸೋಕೆ ಇವರನ್ನ ನಿಲ್ಲಿಸಿದ್ದೀರಿ. ನಿಮಗೂ ಆ ಆಯುಕ್ತಂಗೂ ಏನಕ್ಕ ವ್ಯತ್ಯಾಸ?"

ಸುತ್ತಲಿನವರು ಕೇಳಿಸಿಕೊಂಡರು. ಹೊಲಿಗೆಯವಳು ಖಾರಮ್ಮನ ಮುಖವನ್ನೇ ನೋಡುತ್ತಿದ್ದಳು. ಕಂಪ್ಯೂಟರ್ ನಿಂತಿಲ್ಲ ಎಂಬುದು ಈಗ ಅವಳಿಗೂ ಅರ್ಥವಾಗಿತ್ತು. ಬೈದಿದ್ದರೆ ಖಾರಮ್ಮ ತಿರುಗಿ ಬೈಯುತ್ತಿದ್ದಳು. ಆದರೆ ಆ ಹೆಂಗಸು ಬೈಯಲಿಲ್ಲ, ಇಲ್ಲಿ ಇದೇ ತಾನೇ ನಡೆಯುವುದು ಎಂಬಂತೆ ಕಣ್ಣು ತಗ್ಗಿಸಿದಳು. ಖಾರಮ್ಮನಿಗೆ ತನ್ನ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ.

ಅವಳೇ ಹೋಗಿ ಏಳೂ ಪರದೆಗಳನ್ನು ಎಳೆದೆಳೆದು ಮೇಲೆತ್ತಿದಳು. ಒಂದರ ಹಗ್ಗ ಕಿತ್ತು ಕೈಗೆ ಬಂತು.

"ಕೂತ್ಕೊಳ್ರೋ ಎಲ್ಲ," ಎಂದಳು. "ಊಟ ಇಲ್ಲ, ಟೀ ಇಲ್ಲ. ಬೀದಿ ಖಾಲಿ ಆಗೋ ತನಕ ಯಾರೂ ಏಳಕೂಡದು."

ಹೊಲಿಗೆಯವಳ ಸಂದೇಶ ಮೊದಲು ಹೋಯಿತು. ಆಮೇಲೆ ಕೂಸಿನ ತಾಯಿ, ಆಮೇಲೆ ಮುದುಕ. ಕೆಂಪು ದೀಪ ಓಡತೊಡಗಿತು. ಅಧ್ಯಕ್ಷ ಬರಲಿಲ್ಲ. ಯಾವ ಸದಸ್ಯನೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಸಾಲಿರಲಿಲ್ಲ, ಎರಡರ ಹೊತ್ತಿಗೆ ಮೆಟ್ಟಿಲು ಖಾಲಿಯಾಗಿತ್ತು. ಇಷ್ಟು ಬೇಗ ಇಷ್ಟು ಜನರನ್ನು ಆ ಹಾಲ್ ಎಂದೂ ಕಳಿಸಿರಲಿಲ್ಲ. ಅದನ್ನು ನೋಡಲು ಒಬ್ಬ ನರಪಿಳ್ಳೆಯೂ ಇರಲಿಲ್ಲ.

ಎರಡೂವರೆಗೆ ಮೇಜಿನ ಫೋನ್ ಬಡಿದುಕೊಂಡಿತು. ನಗುಮುಖನ ದನಿಗೆ ನಗು ಮರಳಿ ಬಂದಿತ್ತು. "ಸರ್ವಾನುಮತ ಮೇಡಂ. ನಾಲ್ಕು ಕಿಟಕಿ. ಹಂಗಾಮಿಯವರು ತಿಂಗಳ ಕೊನೆಗೆ ಮುಗೀತು. ನಿಮಗೂ ಒಂದು ನೋಟಿಸ್ ಬರುತ್ತೆ." ಖಾರಮ್ಮ ಫೋನನ್ನು ಕುಕ್ಕಿಟ್ಟಳು. ಇಡೀ ಹಾಲ್‌ಗೆ ಕೇಳಿಸಿತು.

ಅವಳು ಏಳನೇ ಕಿಟಕಿಯ ಹಿಂದೆ ಹೋಗಿ ನಿಂತಳು. ಓರಗಿತ್ತಿ ಒಬ್ಬ ಲಾರಿ ಚಾಲಕನಿಗೆ ಎಲ್ಲಿ ಸಹಿ ಹಾಕಬೇಕೆಂದು ತೋರಿಸುತ್ತಿದ್ದಳು. ತಿರುಗಿ ನೋಡಲಿಲ್ಲ. ಫೋನ್ ಕುಕ್ಕಿದ ಸದ್ದಿನಲ್ಲೇ ಅವಳಿಗೆ ಎಲ್ಲ ತಿಳಿದಿತ್ತು.

"ನಾನು ಹಾಳು ಮಾಡಿದೆ ಕಣೇ," ಎಂದಳು ಖಾರಮ್ಮ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಆ ಕಚೇರಿ ಕೇಳಿರಲಿಲ್ಲ.

ಓರಗಿತ್ತಿ ಮೊಹರು ಒತ್ತಿ ಚಾಲಕನ ಕೈಗೆ ಕಾಗದ ಕೊಟ್ಟಳು. ಇಲ್ಲ ಅಕ್ಕ ಎನ್ನಲಿಲ್ಲ, ಹೋಗಲಿ ಬಿಡಿ ಎನ್ನಲಿಲ್ಲ.

"ಹೌದು," ಎಂದಳು. "ಈಗ ಮುಂದಿನವರನ್ನ ಕಳಿಸಿ."